ಬೋರ್ಡಿನ ಮೇಲಿನ ‘ಎ’ ಅಕ್ಷರ: ಮಕ್ಕಳ ಹಲ್ಲಿನ ಡಾಕ್ಟರು ನಮ್ಮ ಕಡೆ ಬಂದ ದಾರಿ

ಮುಂಡಗೋಡ ತಾಲೂಕಿನ ಅತ್ತಿವೇರಿ ಅಂದರೆ ಹೊರಗಿನವರಿಗೆ ಪಕ್ಷಿಧಾಮ. ಜಲಾಶಯ, ನಡುವೆ ಮರಗಳು, ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳು. ಇಲ್ಲಿ ಮಕ್ಕಳನ್ನು ಸಾಕುವವರಿಗೆ ಮಾತ್ರ ಅದು ಮುಂಡಗೋಡದಿಂದ ಸುಮಾರು 15 ಕಿಲೋಮೀಟರ್, ಹುಬ್ಬಳ್ಳಿಯಿಂದ 40ಕ್ಕಿಂತ ತುಸು ಹೆಚ್ಚು ಕಿಲೋಮೀಟರ್ ದೂರ ಇರುವ ಊರು. ರಾತ್ರಿ ಹನ್ನೊಂದಕ್ಕೆ ಐದು ವರ್ಷದ ಮಗು ಗಲ್ಲ ಹಿಡಕೊಂಡು ಅಳಲು ಶುರು ಮಾಡಿದರೆ ಈ ಎರಡು ಅಂಕಿಗಳ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ.

ಬೆಳಗಾದ ಮೇಲೆ ಎರಡನೇ ತೊಡಕು. ಪೇಟೆಗೆ ಹೋದರೆ ಬೋರ್ಡುಗಳು ಸಾಲಾಗಿ ಇವೆ. ಒಂದರ ಮೇಲೆ ಬಿಡಿಎಸ್, ಇನ್ನೊಂದರ ಮೇಲೆ ಎಂಡಿಎಸ್, ಮತ್ತೊಂದರ ಮೇಲೆ ಬಿಡಿಎಸ್ ಆದ ಮೇಲೆ ಕಂಸದೊಳಗೆ ಏನೇನೋ ಅಕ್ಷರಗಳು. ಇದರಲ್ಲಿ ಮಕ್ಕಳ ಹಲ್ಲು ನೋಡುವವರು ಯಾರು? ನಮ್ಮ ಓದುಗರಲ್ಲಿ ಹಲವರು ಕೇಳುವ ಪ್ರಶ್ನೆ ಇದು. ನಾವು ಉತ್ತರ ಹುಡುಕಲು ಹೊರಟರೆ ಅದು ಕಲ್ಕತ್ತಾದ ಒಂದು ಸೋಡಾ ಅಂಗಡಿಯವರೆಗೂ ಎಳೆದುಕೊಂಡು ಹೋಯಿತು. ಹಾಗಾಗಿ ಇತಿಹಾಸದಿಂದಲೇ ಹೇಳುತ್ತೇವೆ.

ಮೊದಲು ನಮ್ಮ ಮನೆಗಳಲ್ಲಿ ಏನಿತ್ತು ನೋಡೋಣ. ಬೇವಿನ ಕಡ್ಡಿ, ಉಪ್ಪು, ಇದ್ದಿಲ ಪುಡಿ. ನೋವು ಬಂದರೆ ಲವಂಗ. ಹಲ್ಲು ಕಪ್ಪಾಗಿ ತೂತು ಬಿದ್ದರೆ “ಹುಳ ಬಿದ್ದದ” ಅನ್ನುವುದು ಇವತ್ತಿಗೂ ನಮ್ಮ ಮಾತು. ಆ ಹುಳ ತೆಗೆಯುವವರೂ ಇದ್ದರು. ನೆಲಗುಳ್ಳದ ಬೀಜ ಕೆಂಡದ ಮೇಲೆ ಹಾಕಿ, ಹೊಗೆಯನ್ನು ಕೊಳವೆಯಿಂದ ಬಾಯೊಳಗೆ ಬಿಡುವುದು. ಆಮೇಲೆ ಬಟ್ಟಲ ನೀರಿನಲ್ಲಿ ಬೆಳ್ಳಗಿನ ಎಳೆಗಳನ್ನು ತೋರಿಸಿ, ಇವೇ ಹುಳಗಳು ಅನ್ನುವುದು. ಇಂಗ್ಲೆಂಡಿನಲ್ಲೂ ಬೇರೆ ಗಿಡದ ಬೀಜದಿಂದ ಇದೇ ಆಟ ನಡೆಯುತ್ತಿತ್ತು. ಬೀಜ ಬಿಸಿಗೆ ಸಿಡಿದಾಗ ಹೊರಬರುವ ಮೊಳಕೆಯ ಎಳೆಯನ್ನೇ ಜನ ಹುಳ ಅಂದುಕೊಂಡಿದ್ದರು. ಹಲ್ಲಿನಲ್ಲಿ ಹುಳ ಇಲ್ಲ. ಸಿಹಿ ತಿಂದ ಮೇಲೆ ಬಾಯೊಳಗಿನ ಬ್ಯಾಕ್ಟೀರಿಯಾಗಳು ಹುಳಿ ಉಂಟುಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಹಾಗಂತ ಅಜ್ಜಿಯರ ಮಾತನ್ನು ನಾವು ಗೇಲಿ ಮಾಡುವುದಿಲ್ಲ, ಕಣ್ಣಿಗೆ ಕಾಣದ್ದೇನೋ ಒಳಗೆ ತಿನ್ನುತ್ತಿದೆ ಅನ್ನುವ ಊಹೆ ಪೂರ್ತಿ ಸುಳ್ಳಲ್ಲ.

ಹಾಲುಹಲ್ಲಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಡಾಕ್ಟರೇ ಬೇಕಿರಲಿಲ್ಲ. ಅಲುಗಾಡುವ ಹಲ್ಲಿಗೆ ದಾರ ಕಟ್ಟಿ ಎಳೆಯುವುದು, ಸಗಣಿಯಲ್ಲಿ ಮುಚ್ಚಿ ಮಾಡಿನ ಮೇಲೆ ಎಸೆಯುವುದು, ಅಷ್ಟೇ. ದೊಡ್ಡವರ ಹಲ್ಲಿಗೆ ಸಂತೆಯಲ್ಲಿ ಚಾಪೆ ಹಾಸಿ, ಇಕ್ಕಳ ಮತ್ತು ಕಿತ್ತ ಹಲ್ಲುಗಳ ರಾಶಿ ಇಟ್ಟುಕೊಂಡು ಕೂರುವವರು ಇದ್ದರು. ಕಲ್ಕತ್ತಾದಂಥ ಶಹರಗಳಲ್ಲಿ ಚೀನಾದ ಹುಬೇ ಪ್ರಾಂತ್ಯದಿಂದ ಬಂದ ಮನೆತನಗಳು ತಲೆಮಾರಿನಿಂದ ಹಲ್ಲಿನ ಕೆಲಸ ಮಾಡುತ್ತಿದ್ದವು. ಅಪ್ಪ ಮಗನಿಗೆ ಕಲಿಸುವ ಕಸುಬು ಅದು, ಬಡಿಗತನ, ಕಮ್ಮಾರಿಕೆ ಇದ್ದ ಹಾಗೆ.

ಇದು ಓದಿ ಪಾಸಾಗುವ ವಿದ್ಯೆ ಆದದ್ದು ಬಹಳ ಹಿಂದೆ ಅಲ್ಲ. ಜಗತ್ತಿನ ಮೊದಲ ದಂತ ವೈದ್ಯಕೀಯ ಕಾಲೇಜು ಅಮೆರಿಕದ ಬಾಲ್ಟಿಮೋರ್‌ನಲ್ಲಿ 1840ರಲ್ಲಿ ಶುರುವಾಯಿತು. ನಮ್ಮ ದೇಶಕ್ಕೆ ಅದು ಬರಲು ಇನ್ನೂ 80 ವರ್ಷ ಹಿಡಿಯಿತು, ತಂದವರು ಪೂರ್ವ ಬಂಗಾಳದ ರಫೀಉದ್ದೀನ್ ಅಹ್ಮದ್.

1890ರಲ್ಲಿ ಹುಟ್ಟಿದ ಇವರು ಅಮೆರಿಕಕ್ಕೆ ಹೋಗಿ ಅಯೋವಾ ವಿಶ್ವವಿದ್ಯಾಲಯದಲ್ಲಿ ದಂತ ವೈದ್ಯಕೀಯ ಓದಿ 1915ರಲ್ಲಿ ಪದವಿ ಪಡೆದರು. ವಾಪಸು ಬಂದು 1920ರಲ್ಲಿ ಕಲ್ಕತ್ತಾದಲ್ಲಿ ಕಾಲೇಜು ತೆರೆದರು. ಸರ್ಕಾರದ ದುಡ್ಡಿಲ್ಲ, ಹಣವಂತರ ಟ್ರಸ್ಟಿಲ್ಲ. ಖರ್ಚಿಗೆ ಅವರು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ತಂಪು ಪಾನೀಯದ ಅಂಗಡಿ ಇಟ್ಟರು. ಅದರ ಆದಾಯ ಕಾಲೇಜಿಗೆ ಹೋಗುತ್ತಿತ್ತು. ಸಿಹಿ ಸೋಡಾ ಮಾರಿದ ದುಡ್ಡಿನಲ್ಲಿ ಹಲ್ಲು ಉಳಿಸುವ ವಿದ್ಯೆ ಕಲಿಸಿದರು ಅಂತ ನಾವು ಓದಿದಾಗ ನಗು ಬಂತು. ಜಿನ್ನಾ ಅವರ ತಂಗಿ ಫಾತಿಮಾ ಜಿನ್ನಾ ಕಲಿತದ್ದು ಇವರ ಬಳಿಯೇ. ಆಮೇಲೆ ಅವರು 1923ರಲ್ಲಿ ಮುಂಬಯಿಯಲ್ಲಿ ಹಲ್ಲಿನ ದವಾಖಾನೆ ತೆರೆದರು. ಹೆಣ್ಣುಮಗಳೊಬ್ಬಳು ದಂತ ವೈದ್ಯೆಯಾಗಿ ಕೂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅಹ್ಮದ್ ಅವರು 1949ರಲ್ಲಿ ಕಾಲೇಜನ್ನು ಪಶ್ಚಿಮ ಬಂಗಾಳ ಸರ್ಕಾರಕ್ಕೆ ಕೊಟ್ಟುಬಿಟ್ಟರು. 1964ರಲ್ಲಿ ಪದ್ಮಭೂಷಣ ಬಂತು. ಅವರು ಹುಟ್ಟಿದ ಡಿಸೆಂಬರ್ 24 ನಮ್ಮ ದೇಶದ ದಂತ ವೈದ್ಯರ ದಿನ.

ಆ ಹೊತ್ತಿಗೆ ನಮ್ಮ ಮುಂಡಗೋಡ, ಹಳಿಯಾಳ, ಸೂಪಾ ಎಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋದ ಉತ್ತರ ಕನ್ನಡ ಕರ್ನಾಟಕಕ್ಕೆ ಬಂದದ್ದು 1956ರ ಏಕೀಕರಣದಲ್ಲಿ. ಅಂದರೆ ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಓದಿದ ಹಲ್ಲಿನ ಡಾಕ್ಟರು ಬೇಕೆಂದರೆ ಮುಂಬಯಿಯೇ ಗತಿ. ಅಲ್ಲಿಯ ನಾಯರ್ ಆಸ್ಪತ್ರೆಯ ಡೆಂಟಲ್ ಕಾಲೇಜು 1933ರದು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇಡೀ ದೇಶದ ಲೆಕ್ಕ ತೆಗೆದು, ಓದಿದ ದಂತ ವೈದ್ಯರು 3 ಲಕ್ಷ ಜನಕ್ಕೆ ಒಬ್ಬರು ಅಂತ ಬರೆಯಿತು. ಮುಂಡಗೋಡ ತಾಲೂಕಿನ ಜನಸಂಖ್ಯೆ 2011ರ ಗಣತಿಯಲ್ಲಿ ಒಂದು ಲಕ್ಷದ ಆಸುಪಾಸು. ಇಂದಿನ ಇಂಥ ಮೂರು ತಾಲೂಕಿಗೆ ಒಬ್ಬರು ಅಂದುಕೊಳ್ಳಿ. ಆ ಒಬ್ಬರೂ ಶಹರ ಬಿಟ್ಟು ಇತ್ತ ಬರುತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಬಂದದ್ದು 1948ರ ದಂತ ವೈದ್ಯರ ಕಾಯ್ದೆ. ತಲೆಬರಹದಲ್ಲಿ ಹೇಳಿದ ‘ಎ’ ಹುಟ್ಟಿದ್ದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಸರ್ಕಾರದ ಮುಂದೆ ಎರಡು ಕಷ್ಟ ಇದ್ದವು. ಓದದವರೆಲ್ಲ ನಾಳೆಯಿಂದ ಕೈ ಹಾಕಬೇಡಿ ಅಂದರೆ ಜನರ ಹಲ್ಲು ನೋಡುವವರೇ ಇರುವುದಿಲ್ಲ, ಅದೇ ಕಸುಬು ನಂಬಿದ ಕುಟುಂಬಗಳು ಬೀದಿಗೆ ಬೀಳುತ್ತವೆ. ಹಾಗೇ ಬಿಟ್ಟರೆ ಯಾರು ಬೇಕಾದರೂ ಇಕ್ಕಳ ಹಿಡಿಯುತ್ತಾರೆ. ಅದಕ್ಕೆ ಒಂದು ಪುಸ್ತಕದಲ್ಲಿ ಎರಡು ಭಾಗ ಮಾಡಿದರು. ಮಾನ್ಯತೆ ಇರುವ ಪದವಿ ಪಡೆದವರು ‘ಎ’ ಭಾಗ. ಪದವಿ ಇಲ್ಲದಿದ್ದರೂ ಕನಿಷ್ಠ ಐದು ವರ್ಷದಿಂದ ಇದೇ ಮುಖ್ಯ ಉಪಜೀವನ ಮಾಡಿಕೊಂಡವರು ‘ಬಿ’ ಭಾಗ. ಇಂಗ್ಲೆಂಡ್ ಕೂಡ 1921ರಲ್ಲಿ ಇಂಥದೇ ದಾರಿ ಹಿಡಿದಿತ್ತು. ‘ಬಿ’ ಭಾಗದ ಬಾಗಿಲು ಆಗ ಕಸುಬಿನಲ್ಲಿ ಇದ್ದವರಿಗಾಗಿ ತೆರೆದದ್ದು. ಆ ತಲೆಮಾರು ಮುಗಿದಂತೆ ಆ ಭಾಗವೂ ಬರಿದಾಗಬೇಕು ಅನ್ನುವುದು ಕಾನೂನಿನ ಎಣಿಕೆ. ನಮಗೆ ಇದು ಮನುಷ್ಯತ್ವ ಇರುವ ಕಾನೂನು ಅನ್ನಿಸುತ್ತದೆ. ಸಂತೆಯ ಚಾಪೆಯವರನ್ನು ಜೈಲಿಗೆ ಹಾಕದೆ, ಅವರ ಹಿಂದೆ ಬಾಗಿಲು ಮುಚ್ಚಿದರು.

ಕಾಯ್ದೆಯಲ್ಲಿ ಇನ್ನೊಂದು ಸ್ವಾರಸ್ಯದ ಮಾತಿದೆ. ತುರ್ತು ಇದ್ದು, ನೋಂದಾಯಿತ ದಂತ ವೈದ್ಯರು ಸಿಗದಿದ್ದರೆ ಯಾರು ಬೇಕಾದರೂ ಹಲ್ಲು ಕೀಳಬಹುದು, ಆದರೆ ಮರಗಟ್ಟಿಸುವ ಔಷಧ ಮಾತ್ರ ಕೊಡಕೂಡದು. ನಮ್ಮ ಅಜ್ಜಿಯರ ದಾರಕ್ಕೆ ಕಾನೂನಿನ ತಕರಾರಿಲ್ಲ ಅಂತಾಯಿತು! ಸೂಜಿ ಹಿಡಿದರೆ ಮಾತ್ರ ಓದಿರಬೇಕು. ಹಲ್ಲಿನ ಸೆಟ್ ತಯಾರಿಸುವ ಡೆಂಟಲ್ ಮೆಕ್ಯಾನಿಕ್‌ಗಳಿಗೂ ಈ ಕಾಯ್ದೆಯಲ್ಲಿ ಬೇರೆ ನೋಂದಣಿ ಇತ್ತು. ಅವರ ಕೆಲಸ ಡಾಕ್ಟರು ಕೊಟ್ಟ ಅಳತೆಗೆ ಹಲ್ಲು ಮಾಡಿಕೊಡುವುದು. ರೋಗಿಯ ಬಾಯಿಗೆ ತಾವೇ ಔಷಧೋಪಚಾರ ಮಾಡುವುದಲ್ಲ. ಸಣ್ಣ ಪೇಟೆಗಳಲ್ಲಿ ಈ ಗೆರೆ ಅಳಿಸಿಹೋಗಿರುವುದನ್ನು ನಾವು ನೋಡಿದ್ದೇವೆ.

1949ರಲ್ಲಿ ಭಾರತೀಯ ದಂತ ವೈದ್ಯ ಪರಿಷತ್ತು ಬಂತು, ರಾಜ್ಯಗಳಲ್ಲಿ ರಾಜ್ಯದ ಪರಿಷತ್ತುಗಳು. ಕರ್ನಾಟಕದ ದಂತ ವೈದ್ಯರ ನೋಂದಣಿ ಸಂಖ್ಯೆಯ ಕೊನೆಗೆ ಇವತ್ತಿಗೂ ‘ಎ’ ಅಂತ ಇರುತ್ತದೆ. ಮಹಾರಾಷ್ಟ್ರದಲ್ಲಿ ಅದೇ ಅಕ್ಷರ ಸಂಖ್ಯೆಯ ಮುಂದೆ ಬರುತ್ತದೆ. ಬೋರ್ಡಿನ ಮೇಲೆ, ಚೀಟಿಯ ಮೇಲೆ ನೀವು ನೋಡುವ ಆ ಒಂದು ಅಕ್ಷರ 1948ರ ಕಾಯ್ದೆಯ ಗುರುತು.

ಕಾಯ್ದೆ ಬಂದರೂ ಡಾಕ್ಟರು ಬರಲು ಕಾಲೇಜು ಬೇಕಲ್ಲ. ಬೆಂಗಳೂರಿನಲ್ಲಿ 1958ರಲ್ಲಿ ಮೆಡಿಕಲ್ ಕಾಲೇಜಿನ ದಂತ ವಿಭಾಗವಾಗಿ ಶುರುವಾದದ್ದೇ ಇವತ್ತಿನ ಸರ್ಕಾರಿ ಡೆಂಟಲ್ ಕಾಲೇಜು. 1965ರಲ್ಲಿ ಮಣಿಪಾಲದಲ್ಲಿ ಖಾಸಗಿ ಕಾಲೇಜು ಬಂತು. ಎರಡೂ ನಮಗೆ ದೂರ. ಹತ್ತಿರಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ: 1985ರಲ್ಲಿ ಬೆಳಗಾವಿಯ ಕೆಎಲ್‌ಇ, 1986ರಲ್ಲಿ ಧಾರವಾಡದ ಸತ್ತೂರಿನ ಎಸ್‌ಡಿಎಂ. ಧರ್ಮಸ್ಥಳದ ಸಂಸ್ಥೆ ಘಟ್ಟ ಹತ್ತಿ ಬಂದು ಧಾರವಾಡದಲ್ಲಿ ಡೆಂಟಲ್ ಕಾಲೇಜು ಕಟ್ಟಿದ್ದರಿಂದ ಮುಂಡಗೋಡ, ಕಲಘಟಗಿ, ಹಳಿಯಾಳದವರ ಹಲ್ಲಿನ ಭೂಗೋಳವೇ ಬದಲಾಯಿತು.

ಆ ದಶಕ ಪೂರ್ತಿ ಹೊಗಳುವಂಥದೇನೂ ಅಲ್ಲ. ರಾಜ್ಯದಲ್ಲಿ ಕ್ಯಾಪಿಟೇಶನ್ ದುಡ್ಡಿನ ಕಾಲೇಜುಗಳು ಅಣಬೆಯಂತೆ ಎದ್ದವು, ಅದನ್ನು ತಡೆಯಲು ಸರ್ಕಾರ 1984ರಲ್ಲಿ ಕಾಯ್ದೆ ತರಬೇಕಾಯಿತು. 1993ರಲ್ಲಿ ಕೇಂದ್ರವೂ ದಂತ ವೈದ್ಯರ ಕಾಯ್ದೆ ತಿದ್ದಿ, ತನ್ನ ಅನುಮತಿ ಇಲ್ಲದೆ ಹೊಸ ಕಾಲೇಜು ತೆರೆಯಕೂಡದು ಅಂದಿತು. ಈಗ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಸರ್ಕಾರದವು ಬೆರಳೆಣಿಕೆ. ಡಾಕ್ಟರ ಕೊರತೆ ಈಗ ಕಾಲೇಜಿನ ಕೊರತೆಯಿಂದ ಅಲ್ಲ, ಓದಿದವರು ಹುಬ್ಬಳ್ಳಿ ದಾಟಿ ಈ ಕಡೆ ಬರದಿರುವುದರಿಂದ.

ಈ ಇತಿಹಾಸ ಗೊತ್ತಿದ್ದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಓದುವುದೂ ಸುಲಭ. ಒಂದೇ ಎಸ್‌ಡಿಎಂನಲ್ಲಿ ಓದಿದ ಮೂವರ ಸರ್ಟಿಫಿಕೇಟಿನಲ್ಲಿ ಮೂರು ವಿಶ್ವವಿದ್ಯಾಲಯದ ಹೆಸರು ಇರಬಹುದು. ಹಳಬರದು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ. 1996ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಓದಿದವರದು ಅದರ ಹೆಸರು. ಇತ್ತೀಚಿನವರದು ಎಸ್‌ಡಿಎಂನ ಸ್ವಂತ ವಿಶ್ವವಿದ್ಯಾಲಯದ್ದು. ಹೆಸರು ಬೇರೆ ಅಂತ ಗಾಬರಿ ಬೇಡ.

ಬಿಡಿಎಸ್ ಅಂದರೆ ಪಿಯುಸಿ ಆದ ಮೇಲೆ ನಾಲ್ಕು ವರ್ಷ ಓದು, ಒಂದು ವರ್ಷ ಆಸ್ಪತ್ರೆಯ ಕೆಲಸ. ಇವರು ಪೂರ್ತಿ ದಂತ ವೈದ್ಯರು. ಮಕ್ಕಳ ಹಲ್ಲಿನ ವಿಷಯವೂ ಅವರ ಪಾಠದಲ್ಲಿ ಇರುತ್ತದೆ. ಎಂಡಿಎಸ್ ಅಂದರೆ ಅದರ ಮೇಲೆ ಮೂರು ವರ್ಷ ಒಂದೇ ವಿಷಯ. ಇಂಥ ವಿಷಯಗಳು ಒಂಬತ್ತು ಇವೆ. ಎಡವಟ್ಟಾಗುವುದು ಇಲ್ಲಿಯೇ. ಎಂಡಿಎಸ್ ಅಂದ ಕೂಡಲೆ ಮಕ್ಕಳ ತಜ್ಞರಲ್ಲ. ಆರ್ಥೋಡಾಂಟಿಕ್ಸ್ ಅಂದರೆ ಕ್ಲಿಪ್ ಹಾಕಿ ಹಲ್ಲು ಸಾಲುಮಾಡುವವರು (ಎಲುಬಿನ ಆರ್ಥೋ ಡಾಕ್ಟರಿಗೂ ಇವರಿಗೂ ಸಂಬಂಧ ಇಲ್ಲ), ಪ್ರೊಸ್ತೊಡಾಂಟಿಕ್ಸ್ ಅಂದರೆ ಕಟ್ಟಿದ ಹಲ್ಲು ಕೂರಿಸುವವರು, ಪೆರಿಯೊಡಾಂಟಿಕ್ಸ್ ಅಂದರೆ ಒಸಡಿನವರು. ಮಕ್ಕಳವರು ಬೇಕೆಂದರೆ ‘ಪೆಡೊಡಾಂಟಿಕ್ಸ್’ ಅಥವಾ ‘ಪೀಡಿಯಾಟ್ರಿಕ್ ಅಂಡ್ ಪ್ರಿವೆಂಟಿವ್ ಡೆಂಟಿಸ್ಟ್ರಿ’ ಅಂತ ಇರಬೇಕು. ಎರಡೂ ಒಂದೇ, ಮೊದಲಿನದು ಹಳೆಯ ಹೆಸರು. ಫೆಲೋಶಿಪ್, ಸರ್ಟಿಫಿಕೇಟ್ ಕೋರ್ಸ್ ಅಂತ ಬಿಡಿಎಸ್ ಪಕ್ಕ ಇರುವ ಅಕ್ಷರಗಳು ಹೆಚ್ಚಿನ ಕಲಿಕೆ ಇರಬಹುದು, ಮೂರು ವರ್ಷದ ಎಂಡಿಎಸ್‌ಗೆ ಸಮ ಅಲ್ಲ. ಪೇಟೆಯ ‘ಮಕ್ಕಳ ಡಾಕ್ಟರು’ ಎಂಬಿಬಿಎಸ್ ಮೇಲೆ ಎಂಡಿ ಅಥವಾ ಡಿಸಿಎಚ್ ಮಾಡಿದವರು. ಜ್ವರ, ಕೆಮ್ಮು ಅವರದು, ಹಲ್ಲಲ್ಲ.

ಮಕ್ಕಳ ಹಲ್ಲು ಬೇರೆ ವಿದ್ಯೆ ಅನ್ನುವುದು ನಮ್ಮ ದೇಶದಲ್ಲಿ ಗಟ್ಟಿಯಾಗಲು ತಡವಾಯಿತು. ಆ ತಜ್ಞರು ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡದ್ದು 1979ರಲ್ಲಿ, ಧಾರವಾಡಕ್ಕೆ ಕಾಲೇಜು ಬರುವ ಏಳು ವರ್ಷ ಮುಂಚೆ. ಆದ್ದರಿಂದ ನಮ್ಮ ಹಿರಿಯರು “ಹಾಲಹಲ್ಲು ಅದಾವು, ಹೆಂಗೂ ಬೀಳ್ತಾವು ಬಿಡ್ರೀ” ಅಂದರೆ ತಪ್ಪು ಹೊರಿಸಲಾಗದು. ಬೇರೆ ಮಾತು ಹೇಳುವವರೇ ಇರಲಿಲ್ಲ.

ಆದರೆ ಆ ಮಾತಿನಿಂದ ಹಾನಿ ಆಗುತ್ತಿರುವುದು ನಿಜ. ಹಾಲುಹಲ್ಲು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ಹಿಂದಿನ ದವಡೆ ಹಲ್ಲುಗಳು ಹತ್ತು-ಹನ್ನೆರಡರವರೆಗೂ ಇರಬೇಕು. ಅವನ್ನು ಐದಕ್ಕೇ ಕಿತ್ತರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತವೆ, ಕೆಳಗಿನ ಶಾಶ್ವತ ಹಲ್ಲು ಬರಲು ದಾರಿ ಇಲ್ಲದೆ ಅಡ್ಡಾದಿಡ್ಡಿ ಏಳುತ್ತದೆ. ಅದಕ್ಕೇ ಮಕ್ಕಳ ತಜ್ಞರು ಹಾಲುಹಲ್ಲಿಗೂ ನರದ ಚಿಕಿತ್ಸೆ ಮಾಡಿ ಸ್ಟೀಲಿನ ಕ್ಯಾಪ್ ಹಾಕುತ್ತಾರೆ, ಕೀಳಲೇಬೇಕಾದರೆ ಜಾಗ ಕಾಯಲು ಸಣ್ಣ ತಂತಿಯ ಪಟ್ಟಿ ಕೂರಿಸುತ್ತಾರೆ. ದುಡ್ಡು ಹೊಡೆಯಲು ಮಾಡುತ್ತಾರೆ ಅಂತ ಎಷ್ಟೋ ಜನ ಎದ್ದು ಬರುತ್ತಾರೆ.

ಇನ್ನೂ ದೊಡ್ಡ ನಷ್ಟ ಆರು ವರ್ಷದ ಹಲ್ಲಿನದು. ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ ಮನೆಯವರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬರದು. ಇವತ್ತೇ ಮಗುವಿನ ಬಾಯಿ ತೆಗೆಸಿ ನೋಡಿ: ಎದುರಿನ ನಡುಗೆರೆಯಿಂದ ಒಂದು ಪಕ್ಕಕ್ಕೆ ಎಣಿಸುತ್ತಾ ಹೋಗಿ. ಹಾಲುಹಲ್ಲು ಒಂದು ಪಕ್ಕಕ್ಕೆ ಐದೇ. ಆರನೆಯದು ಕಂಡರೆ ಅದೇ ಈ ಹಲ್ಲು. ಅದರಲ್ಲಿ ಕಪ್ಪು ಗೆರೆ ಇದ್ದರೆ ಬೀಳಲಿ ಬಿಡಿ ಅನ್ನಬೇಡಿ.

ಎಲ್ಲದಕ್ಕೂ ಮಕ್ಕಳ ತಜ್ಞರೇ ಬೇಕು ಅಂತಿಲ್ಲ. ಸಣ್ಣ ತೂತು, ತಪಾಸಣೆ, ಶುಚಿಮಾಡುವುದಕ್ಕೆ ಹತ್ತಿರದ ಬಿಡಿಎಸ್ ಸಾಕು. ತಾಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರ ಹುದ್ದೆ ಇರುತ್ತದೆ, ಯಾವ ದಿನ ಸಿಗುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಮೂರ್ನಾಲ್ಕು ವರ್ಷದ ಮಗುವಿಗೆ ಹಲವು ಹಲ್ಲು ಒಟ್ಟಿಗೆ ಕೆಟ್ಟಿದ್ದರೆ, ಹಾಲುಹಲ್ಲಿನ ನರಕ್ಕೆ ಚಿಕಿತ್ಸೆ ಬೇಕಾದರೆ, ಮಗು ಬಾಯಿಯೇ ತೆಗೆಯದಿದ್ದರೆ, ಬುದ್ಧಿಮಾಂದ್ಯ ಅಥವಾ ಹೃದಯದ ತೊಂದರೆ ಇದ್ದರೆ ಎಂಡಿಎಸ್ ತಜ್ಞರ ಬಳಿಗೇ ಹೋಗಬೇಕು. ಗಲ್ಲ ಊದಿ ಜ್ವರ ಬಂದರೆ, ಬಾವು ಕಣ್ಣಿನತ್ತ ಅಥವಾ ಗದ್ದದ ಕೆಳಗೆ ಇಳಿದರೆ, ನುಂಗಲು ಕಷ್ಟ ಆದರೆ ಬೆಳಗಾಗುವವರೆಗೂ ಕಾಯಬಾರದು, ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಓಡಬೇಕು.

ದುಡ್ಡಿಲ್ಲದವರಿಗೆ ಸರ್ಕಾರ ಏನು ಮಾಡಿದೆ? ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತ ಸೆಟ್ ಕೊಡುವ ‘ದಂತ ಭಾಗ್ಯ’ ಬಂದದ್ದು 2014ರಲ್ಲಿ, ಅದರ ಹೆಸರು ಎಲ್ಲರಿಗೂ ಗೊತ್ತು. ಮಕ್ಕಳದು ಅದಕ್ಕೂ ಹಿಂದಿನದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಪರೀಕ್ಷಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಆ ದಿನ ಮಗುವನ್ನು ತಪ್ಪಿಸಬೇಡಿ, ಹಲ್ಲು ನೋಡಿರಿ ಅಂತ ಬಾಯಿಬಿಟ್ಟು ಕೇಳಿ, ಮುಂದಿನ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಜೋಪಾನ ಮಾಡಿ.

ಡೆಂಟಲ್ ಕಾಲೇಜಿಗೆ ಹೋಗಲು ನಮ್ಮ ಕಡೆಯವರಿಗೆ ಇರುವ ಹಿಂಜರಿಕೆ ಅಂದರೆ “ಕಲಿಯೋ ಹುಡುಗರು ಮಾಡ್ತಾರ” ಅನ್ನುವುದು. ಹೌದು, ಮಾಡುತ್ತಾರೆ. ಆದರೆ ಪಕ್ಕದಲ್ಲಿ ಎಂಡಿಎಸ್ ಆದ ಮೇಷ್ಟ್ರು ನಿಂತು ನೋಡಿ ಸೈ ಅನ್ನಬೇಕು. ಒಂಬತ್ತೂ ವಿಭಾಗ ಒಂದೇ ಕಟ್ಟಡದಲ್ಲಿ ಸಿಗುತ್ತವೆ, ಖರ್ಚು ಪೇಟೆಯ ಖಾಸಗಿ ದವಾಖಾನೆಗಿಂತ ಸಾಮಾನ್ಯವಾಗಿ ಕಡಿಮೆ. ಕಳೆದುಕೊಳ್ಳುವುದು ಹೊತ್ತು. ಒಂದೇ ದಿನಕ್ಕೆ ಮುಗಿಯುವುದಿಲ್ಲ, ಎರಡು ಮೂರು ಸಲ ಓಡಾಡಬೇಕು. ಕೂಲಿ ಬಿಟ್ಟು ಬರುವ ತಂದೆ-ತಾಯಿಗೆ ಇದು ಸಣ್ಣ ಲೆಕ್ಕ ಅಲ್ಲ. ಒಟ್ಟು ಎಷ್ಟು ಸಲ ಬರಬೇಕು, ಎಷ್ಟು ಖರ್ಚು ಅಂತ ಮೊದಲ ದಿನವೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಬೋರ್ಡಿನ ಮೇಲೆ ಅನುಮಾನ ಬಂದರೆ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಮರ್ಯಾದೆಗೇಡಲ್ಲ, ಓದಿದವರು ಬೇಸರ ಮಾಡಿಕೊಳ್ಳುವುದಿಲ್ಲ. ಆ ಸಂಖ್ಯೆ ಕರ್ನಾಟಕ ರಾಜ್ಯ ದಂತ ವೈದ್ಯ ಪರಿಷತ್ತಿನದು. ಖಾಸಗಿ ದವಾಖಾನೆಗೆ ಬೇರೆಯಾಗಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬೇಕು, ಅದನ್ನು ಕೆಪಿಎಂಇ ನಂಬರು ಅನ್ನುತ್ತಾರೆ. ಮೊದಲನೆಯದು ಡಾಕ್ಟರದು, ಎರಡನೆಯದು ಜಾಗದ್ದು.

2023ರಲ್ಲಿ ಸಂಸತ್ತು 1948ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಪಾಸು ಮಾಡಿತು. ಬಿಡಿಎಸ್ ಮುಗಿಸಿದವರು ವೃತ್ತಿ ಹಿಡಿಯುವ ಮುಂಚೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬರೆಯಬೇಕು, ದೇಶದ ದಂತ ವೈದ್ಯರ ಹೆಸರೆಲ್ಲ ಆನ್‌ಲೈನ್ ಪಟ್ಟಿಯಲ್ಲಿ ಇರಬೇಕು ಅನ್ನುತ್ತದೆ ಅದು. ಆ ಪಟ್ಟಿ ಫೋನಿನಲ್ಲಿ ತೆರೆಯುವಂತಾದರೆ ಅತ್ತಿವೇರಿಯಿಂದಲೇ ಹೆಸರು ಹುಡುಕಿ ನೋಡಿ ಹೊರಡಬಹುದು. ಅಲ್ಲಿಯವರೆಗೆ ದಾರಿ ಇಷ್ಟು: ಹುಬ್ಬಳ್ಳಿಗೆ ಹೋಗಿ ಧಾರವಾಡದ ಚಿಗರಿ ಬಸ್ ಹಿಡಿದು ಎಸ್‌ಡಿಎಂ ಸ್ಟಾಪಿನಲ್ಲಿ ಇಳಿಯಿರಿ. ಹೊರರೋಗಿಗಳ ಚೀಟಿ ಮಾಡಿಸುವಾಗ “ಮಕ್ಕಳ ಹಲ್ಲಿನ ವಿಭಾಗ, ಪೆಡೊ” ಅನ್ನಿ. ಮಗುವಿಗೆ ಬಸ್ಸಿನಲ್ಲಿ ಬಿಸ್ಕಿಟು ಕೊಟ್ಟಿದ್ದರೆ ಒಳಗೆ ಹೋಗುವ ಮುಂಚೆ ಬಾಯಿ ಮುಕ್ಕಳಿಸಿ.